ಶಾಲೆ ಕಾಣದ ಶಿಕ್ಷಣ ಮಂತ್ರಿಯೂ ಬೀಗ ಹಾಕಿದ ಪೆಟ್ಟಿಗೆಯೂ

ಹಳೆಯ ದೆಹಲಿಯಲ್ಲಿ ಜಾಮಾ ಮಸೀದಿಗೂ ಕೆಂಪುಕೋಟೆಗೂ ನಡುವೆ, ಸದಾ ಗಿಜಿಗುಟ್ಟುವ ಪೇಟೆಯ ಅಂಚಿನಲ್ಲಿ, ಸಣ್ಣದೊಂದು ಉದ್ಯಾನವುಂಟು. ಅದರ ನಡುವೆ ವಾಸ್ತುಶಿಲ್ಪಿ ಹಬೀಬ್ ರಹಮಾನರು ರಚಿಸಿದ, ಆಡಂಬರವೇ ಇಲ್ಲದ ಒಂದು ಬಿಳಿಯ ಸಮಾಧಿಯುಂಟು. ಕೇಂದ್ರ ಶಿಕ್ಷಣ ಸಚಿವಾಲಯದ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ಹೊರಟ ನಾನು, ಆ ಸಚಿವಾಲಯದ ಕಚೇರಿಗಳಿದ್ದ ಶಾಸ್ತ್ರಿ ಭವನದ ಬಾಗಿಲಿಗೆ ಹೋಗುವ ಮುನ್ನ ಇಲ್ಲಿಗೆ ಬಂದು ನಿಂತೆನು. ಏಕೆಂದರೆ ಇಲ್ಲಿ ಮಲಗಿರುವ ಮೌಲಾನಾ ಅಬುಲ್ ಕಲಾಂ ಆಜಾದರು ಸ್ವತಂತ್ರ ಭಾರತದ ಪ್ರಥಮ ಶಿಕ್ಷಣ ಮಂತ್ರಿಗಳು. ದೇಶದ ಕೋಟ್ಯಂತರ ಮಕ್ಕಳ ವಿದ್ಯಾಭ್ಯಾಸದ ಚಿಂತೆಯನ್ನು ಹನ್ನೊಂದು ವರ್ಷ ಹೊತ್ತಿದ್ದ ಅವರಾದರೋ ಯಾವ ಶಾಲೆಯ ಮಣೆಯ ಮೇಲೂ, ಯಾವ ಕಾಲೇಜಿನ ಬೆಂಚಿನ ಮೇಲೂ ಕುಳಿತು ಕಲಿತವರಲ್ಲ. ಈ ಒಂದು ಸಂಗತಿಯೇ ನನ್ನನ್ನು ಬಹುಕಾಲದಿಂದ ಕಾಡಿದ್ದಿತು.

1888ರಲ್ಲಿ ಮೆಕ್ಕಾ ನಗರದಲ್ಲಿ ಹುಟ್ಟಿ ಕಲ್ಕತ್ತೆಯಲ್ಲಿ ಬೆಳೆದ ಆ ಬಾಲಕನಿಗೆ ತಂದೆ ಖೈರುದ್ದೀನರೇ ಮೊದಲ ಗುರುಗಳು. ಆಧುನಿಕ ವಿದ್ಯೆಯಿಂದ ಧರ್ಮಶ್ರದ್ಧೆ ಕೆಡುವುದೆಂದು ದೃಢವಾಗಿ ನಂಬಿದ್ದ ಅವರು, ಮಗನಿಗೆ ಮನೆಯಲ್ಲಿಯೇ ತಾವೂ, ತಾವು ಆರಿಸಿ ಕರೆಸಿದ ಪಂಡಿತರೂ ಅರಬ್ಬಿ, ಪಾರಸಿ, ತರ್ಕ, ಗಣಿತ, ತತ್ತ್ವಶಾಸ್ತ್ರಗಳನ್ನು ಕಲಿಸುವ ಏರ್ಪಾಡು ಮಾಡಿದರು. ಇತರರು ಇಪ್ಪತ್ತು ದಾಟಿದ ಮೇಲೆ ಮುಗಿಸುವ ಪಾಠಕ್ರಮವನ್ನು ಈ ಹುಡುಗ ಹದಿನಾರರ ಆಸುಪಾಸಿನಲ್ಲಿಯೇ ಮುಗಿಸಿದನು. ಆದರೆ ಮುಗಿಸಿದ ಕ್ಷಣದಲ್ಲಿಯೇ ಅತೃಪ್ತಿ ಮೊದಲಾಯಿತು. ಸರ್ ಸಯ್ಯದ್ ಅಹಮದರ ಬರಹಗಳನ್ನು ಓದಿದ ಮೇಲೆ, ಈ ಯುಗದ ವಿಜ್ಞಾನ, ದರ್ಶನ, ಸಾಹಿತ್ಯಗಳನ್ನು ಅರಿಯದವನು ವಿದ್ಯಾವಂತನೆನಿಸಲಾರನೆಂಬ ಅರಿವು ಆ ಹುಡುಗನಿಗೆ ಉಂಟಾಯಿತು.

ಮುಂದೆ ನಡೆದುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. ಮೌಲ್ವಿ ಮಹಮ್ಮದ್ ಯೂಸುಫ್ ಜಾಫರಿ ಎಂಬ ವಿದ್ವಾಂಸರು ಆ ತರುಣನಿಗೆ ಇಂಗ್ಲಿಷ್ ಅಕ್ಷರಗಳನ್ನು ತಿದ್ದಿಸಿ, ಪ್ಯಾರೀಚರಣ ಸರ್ಕಾರರ ಮೊದಲನೆಯ ಪಾಠಪುಸ್ತಕವೊಂದನ್ನು ಕೈಗಿತ್ತರು. ಭಾಷೆ ತುಸು ವಶವಾಗುತ್ತಲೇ ಆತ ಬೈಬಲ್ಲಿನ ಇಂಗ್ಲಿಷ್, ಪಾರಸಿ, ಉರ್ದು ಪ್ರತಿಗಳು ಮೂರನ್ನೂ ಸಂಪಾದಿಸಿ, ಒಂದರ ಪಕ್ಕದಲ್ಲಿ ಮತ್ತೊಂದನ್ನು ಬಿಡಿಸಿಟ್ಟುಕೊಂಡು, ತಿಳಿದ ಮಾತಿನ ಬೆಳಕಿನಲ್ಲಿ ತಿಳಿಯದ ಮಾತನ್ನು ಅರಸುತ್ತ ಓದಿದನು. ಬಳಿಕ ನಿಘಂಟಿನ ನೆರವಿನಿಂದ ಇಂಗ್ಲಿಷ್ ವೃತ್ತಪತ್ರಿಕೆಗಳನ್ನು ಓದಿದನು. ತಂದೆಯ ಮತವನ್ನು ಮೀರಿದ ಈ ಕಲಿಕೆಗೆ ಪರೀಕ್ಷೆಯಿರಲಿಲ್ಲ, ಪ್ರಮಾಣಪತ್ರವೂ ಇರಲಿಲ್ಲ; ಪರಂಪರೆಯಿಂದ ಬಂದ ನಂಬಿಕೆಗಳ ಕಟ್ಟು ಕಳಚಿತೆಂಬುದರ ಗುರುತಾಗಿ ಅವರು ತಾವೇ ತಮಗೆ ಕೊಟ್ಟುಕೊಂಡ 'ಆಜಾದ್' ಎಂಬ ಹೆಸರೇ ಅದಕ್ಕೆ ಪದವಿ. 1912ರಲ್ಲಿ ಆರಂಭವಾದ ಅವರ 'ಅಲ್ ಹಿಲಾಲ್' ಪತ್ರಿಕೆ, ಅನಂತರ ರಾಂಚಿಯ ನಿರ್ಬಂಧವಾಸ, 1942ರಿಂದ ಅಹಮದ್‌ನಗರ ಕೋಟೆಯ ಸೆರೆ ಇವೆಲ್ಲವೂ ಇತಿಹಾಸ ಬಲ್ಲ ಸಂಗತಿಗಳು. ಆ ಕೋಟೆಯಲ್ಲಿ ಅವರು ಬೆಳಗಿನ ಜಾವಕ್ಕೆ ಮುಂಚೆಯೇ ಎದ್ದು, ಹಾಲು ಬೆರೆಸದ ಚೀಣೀ ಚಹವನ್ನು ತಾವೇ ಮಾಡಿಕೊಂಡು, ಅಂಚೆಗೆ ಹಾಕಲಾಗದ ಪತ್ರಗಳನ್ನು ಮಿತ್ರರೊಬ್ಬರಿಗೆ ಬರೆಯುತ್ತಿದ್ದರು. 'ಗುಬಾರ್-ಎ-ಖಾತಿರ್' ಎಂದು ಪ್ರಸಿದ್ಧವಾದ ಗ್ರಂಥ ಆ ಪತ್ರಗಳ ಸಂಗ್ರಹವೇ.

ಸಚಿವಾಲಯದ ಪೂರ್ವಚರಿತ್ರೆಯನ್ನು ನಾನು ಮೊದಲು ಕೇಳಿದುದು ನಮ್ಮ ತಂದೆಯವರ ಸ್ನೇಹಿತರಾಗಿದ್ದ, ನಿವೃತ್ತರಾದ ಶಾಲಾ ಇನ್‌ಸ್ಪೆಕ್ಟರರೊಬ್ಬರ ಬಾಯಿಂದ. ಜಗಲಿಯ ಮೇಲೆ ಕುಳಿತು ಬೆರಳು ಮಡಿಸುತ್ತ ಅವರು ಎಣಿಸುತ್ತಿದ್ದರು: 1813ರಲ್ಲಿ ಕಂಪನಿ ಸರ್ಕಾರ ವಿದ್ಯೆಗೆಂದು ವರ್ಷಕ್ಕೆ ಒಂದು ಲಕ್ಷ ರೂಪಾಯಿ ತೆಗೆದಿರಿಸಬೇಕೆಂಬ ಶಾಸನ, 1835ರಲ್ಲಿ ಮೆಕಾಲೆಯ ಟಿಪ್ಪಣಿ, 1854ರಲ್ಲಿ ವುಡ್ ಸಾಹೇಬರ ಆದೇಶಪತ್ರ, 1910ರಲ್ಲಿ ಭಾರತ ಸರ್ಕಾರಕ್ಕೆ ಪ್ರತ್ಯೇಕ ಶಿಕ್ಷಣ ಇಲಾಖೆ, ಅದಕ್ಕೆ ಹಾರ್ಕೋರ್ಟ್ ಬಟ್ಲರರು ಮೊದಲ ಸದಸ್ಯರು, 1923ರಲ್ಲಿ ಮಿತವ್ಯಯದ ನೆಪದಿಂದ ಶಿಕ್ಷಣವನ್ನು ಆರೋಗ್ಯ ಮತ್ತು ಭೂಮಿಗಳ ಜೊತೆಗೆ ಒಂದೇ ಇಲಾಖೆಯಲ್ಲಿ ಸೇರಿಸಿದ್ದು, 1945ರಲ್ಲಿ ಮತ್ತೆ ಬೇರ್ಪಡಿಸಿದ್ದು. ಇಷ್ಟಕ್ಕೆ ಅವರ ಒಂದು ಕೈಯ ಬೆರಳುಗಳು ಮುಗಿದು ಎರಡನೆಯದು ಮೊದಲಾಗುತ್ತಿದ್ದಿತು. 1944ರ ಸಾರ್ಜೆಂಟ್ ವರದಿಯ ಮಾತು ಬಂದಾಗ ಮಾತ್ರ ಅವರ ಧ್ವನಿ ಗಡುಸಾಗುತ್ತಿತ್ತು. ದೇಶದ ಮಕ್ಕಳೆಲ್ಲರಿಗೂ ವಿದ್ಯೆ ಮುಟ್ಟಲು ಇನ್ನು ನಲವತ್ತು ವರ್ಷ ಬೇಕೆಂದು ಆ ವರದಿ ಲೆಕ್ಕ ಹಾಕಿದ್ದಿತು. ಹಸಿದ ಮಗುವಿಗೆ ನಲವತ್ತು ವರ್ಷ ತಾಳೆನ್ನುವುದುಂಟೇ ಎಂದು ಅವರು ಕೇಳುತ್ತಿದ್ದರು.

1947ರ ಮೊದಲಲ್ಲಿ ಮಧ್ಯಂತರ ಸರ್ಕಾರದ ಶಿಕ್ಷಣ ಖಾತೆಯನ್ನು ವಹಿಸಿಕೊಂಡ ಆಜಾದರು 1958ರ ಫೆಬ್ರುವರಿ 22ರಂದು ಕಣ್ಮುಚ್ಚುವವರೆಗೂ ಅದನ್ನು ಬಿಡಲಿಲ್ಲ. ಅವರ ಕಾಲದಲ್ಲಿ ನಡೆದ 1951ರ ಜನಗಣತಿಯಲ್ಲಿ ಅಕ್ಷರಸ್ಥರ ಸಂಖ್ಯೆ ನೂರಕ್ಕೆ ಹದಿನೆಂಟರಷ್ಟು ಮಾತ್ರ. ಅಂತಹ ದೇಶದಲ್ಲಿ ಅವರು ಕೈಗೊಂಡ ಕಾರ್ಯಗಳ ಪಟ್ಟಿ ದೀರ್ಘವಾದುದು: ವಿಶ್ವವಿದ್ಯಾನಿಲಯಗಳ ಸ್ಥಿತಿಗತಿಯನ್ನು ಪರಿಶೀಲಿಸಲು 1948ರಲ್ಲಿ ರಾಧಾಕೃಷ್ಣನ್ ಆಯೋಗ, ಪ್ರೌಢಶಿಕ್ಷಣಕ್ಕಾಗಿ 1952ರಲ್ಲಿ ಮುದಲಿಯಾರ್ ಆಯೋಗ, 1953ರ ಡಿಸೆಂಬರಿನಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗ, ಅದೇ ಒಂದೆರಡು ವರ್ಷಗಳಲ್ಲಿ ಸಂಗೀತ ನಾಟಕ, ಸಾಹಿತ್ಯ, ಲಲಿತಕಲೆಗಳ ಮೂರು ಅಕಾಡೆಮಿಗಳು. ಆದರೆ ಇವೆಲ್ಲಕ್ಕಿಂತಲೂ ನನ್ನ ಕಣ್ಣಿಗೆ ಕಟ್ಟುವುದು 1951ರ ಆಗಸ್ಟ್ 18ರ ದಿನ. ಬಂಗಾಳದ ಖರಗಪುರದ ಬಳಿ ಹಿಜಲಿ ಎಂಬಲ್ಲಿ ಬ್ರಿಟಿಷರ ಒಂದು ಬಂಧನಶಿಬಿರವಿದ್ದಿತು. 1931ರಲ್ಲಿ ಅಲ್ಲಿ ನಿರಾಯುಧರಾದ ಇಬ್ಬರು ಬಂದಿಗಳು ಗುಂಡಿಗೆ ಬಲಿಯಾಗಿದ್ದರು. ಅದೇ ಕಟ್ಟಡದಲ್ಲಿ, ಇಂದು ಐಐಟಿ ಎಂದು ಮನೆಮನೆಯಲ್ಲಿಯೂ ಹೆಸರಾದ ತಾಂತ್ರಿಕ ವಿದ್ಯಾಸಂಸ್ಥೆಗಳಲ್ಲಿ ಮೊದಲನೆಯದು ನೆಲೆಗೊಂಡಿತು. ಅದನ್ನು ಉದ್ಘಾಟಿಸಿದವರು ತಮ್ಮ ಆಯುಸ್ಸಿನ ಹಲವು ವರ್ಷಗಳನ್ನು ಸೆರೆಯಲ್ಲಿ ಕಳೆದ ಈ ಮೌಲಾನಾ ಅವರೇ.

ಇಷ್ಟಾದರೂ ಈ ಸಚಿವಾಲಯದ ಅಧಿಕಾರದ ಎಲ್ಲೆ ಎಷ್ಟೆಂಬುದನ್ನು ಓದುಗರು ಅರಿಯಬೇಕು. ಸಂವಿಧಾನದ ಮೂಲ ರೂಪದಲ್ಲಿ ಶಿಕ್ಷಣ ರಾಜ್ಯಗಳ ವಿಷಯ. ನಮ್ಮ ಊರಿನ ಶಾಲೆಯ ಮೇಷ್ಟರನ್ನು ನೇಮಿಸುವವರೂ ವರ್ಗಾಯಿಸುವವರೂ ದೆಹಲಿಯವರಲ್ಲ. 42ನೆಯ ತಿದ್ದುಪಡಿಯಿಂದ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಅದು ಸಮವರ್ತಿ ಪಟ್ಟಿಗೆ ಬಂದಿತು. ಅಂದಿನಿಂದ ಕೇಂದ್ರಕ್ಕೆ ಶಾಸನಾಧಿಕಾರ ದೊರೆಯಿತಾದರೂ, ಅದರ ನಿತ್ಯದ ಕೆಲಸ ಬಹುಮಟ್ಟಿಗೆ ಹಿಂದಿನದೇ: ಆಯೋಗಗಳನ್ನು ನೇಮಿಸುವುದು, ರಾಜ್ಯಗಳ ಮಂತ್ರಿಗಳನ್ನು ಕೇಂದ್ರೀಯ ಶಿಕ್ಷಣ ಸಲಹಾ ಮಂಡಲಿಯಲ್ಲಿ ಕೂಡಿಸಿ ಸಮಾಲೋಚಿಸುವುದು, ನೀತಿಯನ್ನು ರೂಪಿಸುವುದು, ಯೋಜನೆಗಳಿಗೆ ಹಣದ ಪಾಲು ಕೊಟ್ಟು ಲೆಕ್ಕ ಕೇಳುವುದು. ಕೇಂದ್ರೀಯ ವಿದ್ಯಾಲಯಗಳೂ ನವೋದಯಗಳೂ ಕೇಂದ್ರದ ವಿಶ್ವವಿದ್ಯಾನಿಲಯಗಳೂ ಅದರ ಪೋಷಣೆಯಲ್ಲಿರುವುದು ನಿಜ. ಆದರೆ ಹಳ್ಳಿಯ ಮಗುವಿಗೂ ಅದಕ್ಕೂ ನಡುವೆ ಇರುವ ಕೈಗಳು ಅನೇಕ.

ಕನ್ನಡ ನಾಡಿಗೂ ಈ ಸಚಿವಾಲಯಕ್ಕೂ ಇರುವ ಬಾಂಧವ್ಯವನ್ನು ಇಲ್ಲಿ ನೆನೆಯಬೇಕು. ರಾಧಾಕೃಷ್ಣನ್ನರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬೋಧಿಸಿದವರು. ಆಜಾದರ ತರುವಾಯ ಖಾತೆಯನ್ನು ವಹಿಸಿದ ಕೆ. ಎಲ್. ಶ್ರೀಮಾಲಿಯವರು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. 1964ರಿಂದ 1966ರವರೆಗೆ ದುಡಿದ ಕೊಠಾರಿ ಆಯೋಗದ ಸದಸ್ಯ-ಕಾರ್ಯದರ್ಶಿಗಳಾಗಿದ್ದ ಜೆ. ಪಿ. ನಾಯಕರು ತಾರುಣ್ಯದಲ್ಲಿ ಧಾರವಾಡ ಸೀಮೆಯ ಉಪ್ಪಿನಬೆಟಗೇರಿಯಲ್ಲಿ ಗ್ರಾಮಸೇವೆ ಮಾಡಿದವರು. ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಹೋದ ವಿ. ಕೆ. ಆರ್. ವಿ. ರಾವ್ ಅವರು ಶಿಕ್ಷಣ ಮಂತ್ರಿಗಳಾಗಿದ್ದಾಗಲೇ, 1969ರ ಜುಲೈ 17ರಂದು, ಭಾರತೀಯ ಭಾಷಾ ಸಂಸ್ಥಾನ ಮೈಸೂರಿನಲ್ಲಿ ಸ್ಥಾಪಿತವಾಯಿತು. ರಾಷ್ಟ್ರೀಯ ವರಮಾನದಲ್ಲಿ ನೂರಕ್ಕೆ ಆರು ಪಾಲು ಶಿಕ್ಷಣಕ್ಕೆ ಸಲ್ಲಬೇಕೆಂದು ಕೊಠಾರಿ ಆಯೋಗ ಹೇಳಿದ್ದಿತು. ಆ ಮಾತನ್ನು 1968ರ ನೀತಿಯೂ, 1986ರ ನೀತಿಯೂ, 2020ರ ನೀತಿಯೂ ಭಕ್ತಿಯಿಂದ ಪುನರುಚ್ಚರಿಸಿವೆ. ಮಂತ್ರ ಉಳಿದಿದೆ, ಫಲ ಇನ್ನೂ ಬಂದಿಲ್ಲ. ನಡುವೆ 1985ರಲ್ಲಿ ಸಚಿವಾಲಯಕ್ಕೆ ಮಾನವ ಸಂಪನ್ಮೂಲ ಅಭಿವೃದ್ಧಿಯೆಂಬ ಹೆಸರು ಬಂದು, 2020ರಲ್ಲಿ ಮತ್ತೆ ಶಿಕ್ಷಣವೆಂಬ ಹಳೆಯ ಹೆಸರೇ ಮರಳಿತು. ಮಗುವನ್ನು ಸಂಪನ್ಮೂಲವೆಂದು ಕರೆಯುವುದಕ್ಕಿಂತ ಇದು ಸೌಮ್ಯವಾದ ಮಾತೆಂದು ನನ್ನ ಭಾವನೆ.

ಇನ್ನು ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳಬೇಕು. 1986ರ ನೀತಿಯ ಫಲವಾಗಿ ಮರುವರ್ಷ 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಎಂಬ ಯೋಜನೆ ಹೊರಟಿತು. ಪ್ರತಿಯೊಂದು ಪ್ರಾಥಮಿಕ ಶಾಲೆಗೂ ಕನಿಷ್ಠ ಎರಡು ಕೋಣೆ, ಇಬ್ಬರು ಉಪಾಧ್ಯಾಯರು, ಜೊತೆಗೆ ಕಲಿಕೆಗೆ ಬೇಕಾದ ಸಾಮಗ್ರಿ ಒದಗಬೇಕೆಂಬುದು ಅದರ ಸಂಕಲ್ಪ. ದೆಹಲಿಯ ಸಚಿವಾಲಯ ಹಳ್ಳಿಯ ಮಗುವಿನ ಕಡೆಗೆ ಇಷ್ಟು ನೇರವಾಗಿ ಕೈ ಚಾಚಿದುದು ಅಪೂರ್ವವೇ ಸರಿ. ಆಗ ನಾನು ಬಯಲುಸೀಮೆಯ ಹಳ್ಳಿಯೊಂದರ ಶಾಲೆಯಲ್ಲಿ ಹೊಸದಾಗಿ ಸೇರಿದ ಸಹಾಯಕ ಉಪಾಧ್ಯಾಯ. ಒಂದು ಮಧ್ಯಾಹ್ನ ತಗಡಿನ ದೊಡ್ಡ ಪೆಟ್ಟಿಗೆಯೊಂದು ಎತ್ತಿನ ಗಾಡಿಯಲ್ಲಿ ಬಂದಿಳಿಯಿತು. ಭೂಗೋಳ, ನಕ್ಷೆಗಳು, ವಿಜ್ಞಾನದ ಸಲಕರಣೆ, ಮಣಿಗಳು, ಕಥೆಪುಸ್ತಕಗಳು, ತಾಳ, ಢೋಲಕ್ಕು ಒಂದೊಂದನ್ನೂ ಹೊರತೆಗೆದಾಗ ಕಿಟಕಿಯ ಸರಳುಗಳಿಗೆ ಮುಖವೊತ್ತಿ ನಿಂತಿದ್ದ ಮಕ್ಕಳು ಉಸಿರು ಬಿಡುವುದನ್ನೇ ಮರೆತಿದ್ದರು. ನಮ್ಮ ಹೆಡ್ ಮೇಷ್ಟರು ಒಂದೊಂದನ್ನೂ ದಾಸ್ತಾನು ಪುಸ್ತಕದಲ್ಲಿ ದುಂಡಾದ ಅಕ್ಷರಗಳಿಂದ ಬರೆದುಕೊಂಡು, ಮತ್ತೆ ಒಳಗಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡರು.

ಅವರು ದುಷ್ಟರಲ್ಲ, ಮಳೆಗಾಲದಲ್ಲಿ ಹಳ್ಳ ದಾಟಲಾರದ ಮಕ್ಕಳನ್ನು ಹೆಗಲ ಮೇಲೆ ಹೊತ್ತು ತಂದವರು. ನಾನು ಒಂದೆರಡು ಸಲ ಕೇಳಿದೆನು. "ಗೋಳ ಬಿದ್ದು ಒಡೆದರೆ ಆಡಿಟ್‌ನವರಿಗೆ ಏನು ಜವಾಬು ಹೇಳಲಿ, ಮೇಷ್ಟ್ರೆ? ನನ್ನ ಸಂಬಳದಲ್ಲಿ ಹಿಡೀತಾರೆ. ಮೂರು ಹೆಣ್ಣುಮಕ್ಕಳ ಮದುವೆ ಆಗಬೇಕು" ಎಂದರು. ಅವರ ಭಯ ಸುಳ್ಳಲ್ಲ. ದೂರದಿಂದ ದಾನವಾಗಿ ಹೊರಟ ವಸ್ತು ಶಾಲೆಯ ಹೊಸ್ತಿಲನ್ನು ದಾಟುವಷ್ಟರಲ್ಲಿ ದಾಸ್ತಾನು ಪುಸ್ತಕದ ಋಣವಾಗಿ ಮಾರ್ಪಟ್ಟಿದ್ದಿತು. ಕೊಟ್ಟವರು ಸಾಮಾನು ಕೊಟ್ಟರು. ಒಡೆದರೂ ಚಿಂತೆಯಿಲ್ಲ, ಮಕ್ಕಳ ಕೈಗೆ ಕೊಡಿರಿ ಎಂಬ ಒಂದು ಮಾತನ್ನು ಕೊಡಲಿಲ್ಲ. ಪ್ಯಾರೀಚರಣರ ಆ ಪುಟ್ಟ ಪುಸ್ತಕ ಕಲ್ಕತ್ತೆಯ ತರುಣನೊಬ್ಬನ ಪಾಲಿಗೆ ಬಾಗಿಲು ತೆರೆದುದು, ಅದು ಅವನ ಕೈಯಲ್ಲಿದ್ದುದರಿಂದ ಅಲ್ಲವೆ?

ಶಿಕ್ಷಣದ ಹಕ್ಕಿನ ಕಥೆಯೂ ಇಂತಹುದೇ. ಹತ್ತು ವರ್ಷಗಳೊಳಗೆ ಹದಿನಾಲ್ಕು ವಯಸ್ಸಿನವರೆಗಿನ ಮಕ್ಕಳೆಲ್ಲರಿಗೂ ಉಚಿತ ಶಿಕ್ಷಣವೆಂದು ಸಂವಿಧಾನ 1950ರಲ್ಲಿಯೇ ಆಶಿಸಿದ್ದಿತು. ನಮ್ಮ ರಾಜ್ಯದ ವೈದ್ಯಕೀಯ ಕಾಲೇಜುಗಳ ವಂತಿಗೆಯ ಪ್ರಶ್ನೆಯಿಂದ ಹುಟ್ಟಿದ ಮೋಹಿನಿ ಜೈನ್ ಮೊಕದ್ದಮೆಯಲ್ಲಿ, 1992ರಲ್ಲಿ, ಸರ್ವೋಚ್ಚ ನ್ಯಾಯಾಲಯ ವಿದ್ಯೆಯನ್ನು ಹಕ್ಕೆಂದು ಸಾರಿತು. 2002ರಲ್ಲಿ ಸಂವಿಧಾನ ತಿದ್ದುಪಡಿಯಾಯಿತು. ಕಾಯಿದೆ ಜಾರಿಗೆ ಬಂದುದು 2010ರ ಏಪ್ರಿಲ್ 1ರಂದು. ಹತ್ತು ವರ್ಷಗಳ ವಾಗ್ದಾನ ಅರುವತ್ತು ವರ್ಷ ನಡೆದು ಬಂದಿತು. ಸಾಧನೆಯೇ ಇಲ್ಲವೆನ್ನುವುದು ಕೃತಘ್ನತೆಯಾದೀತು. 2011ರ ಜನಗಣತಿಯ ವೇಳೆಗೆ ನೂರರಲ್ಲಿ ಎಪ್ಪತ್ತಮೂರರಷ್ಟು ಜನ ಅಕ್ಷರಸ್ಥರಾಗಿದ್ದರು. ಆದರೂ ಲೆಕ್ಕದ ಹೊರಗೆ ಉಳಿದ ಮುಖಗಳು ಕಿಟಕಿಯ ಸರಳುಗಳ ಆಚೆಯಿಂದ ನನ್ನನ್ನು ಇಂದಿಗೂ ನೋಡುತ್ತಿರುತ್ತವೆ.

ಏಳು ವರ್ಷಗಳ ತರುವಾಯ ನಮ್ಮ ಹೆಡ್ ಮೇಷ್ಟರು ನಿವೃತ್ತರಾದರು. ಅಧಿಕಾರ ವಹಿಸಿಕೊಡುವ ದಿನ ಜನಿವಾರದಿಂದ ಬೀಗದ ಕೈಯನ್ನು ಬಿಡಿಸಿ, ಪೆಟ್ಟಿಗೆಯನ್ನು ತೆರೆದು, ಪುಸ್ತಕದಲ್ಲಿದ್ದ ಒಂದೊಂದು ಸಾಮಾನನ್ನೂ ನನ್ನ ಮುಂದೆ ಎಣಿಸಿಕೊಟ್ಟರು. ಒಂದು ಮಣಿಯೂ ಕಳೆದಿರಲಿಲ್ಲ. ಕಥೆಪುಸ್ತಕಗಳ ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಮೊದಲ ದಿನ ಕಿಟಕಿಯಲ್ಲಿ ನಿಂತಿದ್ದ ಮಕ್ಕಳಲ್ಲಿ ಕೆಲವರು ಆಗಲೇ ಕೂಲಿಗೆ ಹೋಗುತ್ತಿದ್ದರು. ಹೆಣ್ಣುಮಕ್ಕಳಲ್ಲಿ ಇಬ್ಬರಿಗೆ ಮದುವೆಯಾಗಿದ್ದಿತು. ಕೊನೆಗೆ ಭೂಗೋಳವನ್ನು ಎತ್ತಿ ಮೇಜಿನ ಮೇಲಿಟ್ಟು, ಒರೆಸಿ, ಮೆಲ್ಲನೆ ತಿರುಗಿಸಿದೆನು. ಅದರ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ; ಉತ್ತರದ ಉದ್ದಕ್ಕೂ ಅಗಲವಾಗಿ, ಲೋಕದಲ್ಲಿ ಆ ವೇಳೆಗೆ ಇಲ್ಲವಾಗಿಹೋಗಿದ್ದ ಸೋವಿಯತ್ ಒಕ್ಕೂಟ ಹಾಗೆಯೇ ಇದ್ದಿತು.