ಎರೆ ಭೂಮಿಯಲ್ಲಿ ಹೊಸ ಮನೆಯ ಮೊದಲ ಚಳಿಗಾಲ

ಎಳ್ಳಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೋದ ರೈತನಿಗೆ ಬಿಳಿಜೋಳದ ಸಾಲುಗಳ ನಡುವೆ ಎರೆ ಭೂಮಿ ಬಾಯಿ ಬಿಡತೊಡಗಿದ್ದು ಕಾಣುತ್ತದೆ. ಎಡೆ ಹೊಡೆದು ಆ ಬಿರುಕು ಮುಚ್ಚಿದರೆ ತೇವ ಉಳಿಯುತ್ತದೆಂಬುದು ಆತನಿಗೆ ಗೊತ್ತು. ಆದರೆ ಅದೇ ಎರೆ ತನ್ನ ಹೊಸ ಮನೆಯ ಪಾಯದ ಸುತ್ತಲೂ ಒಣಗಿ ಕುಗ್ಗುತ್ತಿದೆಯೆಂಬುದು, ಗೋಡೆಯಲ್ಲಿ ಸೀಳು ಮೂಡುವವರೆಗೆ ಅನೇಕರ ಗಮನಕ್ಕೆ ಬರುವುದಿಲ್ಲ.

ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದಲ್ಲಿ ಇದು ಸಣ್ಣ ಮಾತಲ್ಲ. ಆಲಮಟ್ಟಿ ಮತ್ತು ನಾರಾಯಣಪುರ ಜಲಾಶಯಗಳ ಹಿನ್ನೀರಿನಿಂದಾಗಿ ಊರು ಬಿಟ್ಟ ಕುಟುಂಬಗಳು ಪುನರ್ವಸತಿ ಕೇಂದ್ರಗಳಲ್ಲಿ ಹೊಸದಾಗಿ ಮನೆ ಕಟ್ಟಿಕೊಳ್ಳಬೇಕಾಯಿತು. ಪರಿಹಾರದ ಹಣವಾಗಲಿ, ವರ್ಷಗಳ ಬೆಳೆಯಿಂದ ಕೂಡಿಸಿದ ಹಣವಾಗಲಿ, ಮನೆಗೆ ಹಾಕುವುದು ಜೀವಮಾನದಲ್ಲಿ ಒಂದೇ ಸಲ. ಹಿಂದಿನ ದಪ್ಪ ಕಲ್ಲುಮಣ್ಣಿನ ಗೋಡೆ ನೆಲದೊಡನೆ ತುಸು ಜರುಗಿದರೂ ಕೆಸರು ಮೆತ್ತಿ ಸರಿಪಡಿಸಬಹುದಿತ್ತು. ಸಿಮೆಂಟಿನ ಗೋಡೆ ಬಾಗುವುದಿಲ್ಲ, ಸೀಳುತ್ತದೆ.

ಕಾರಣವೇನು?

ಎರೆ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಈ ಭಾಗದಲ್ಲಿ ಸೆಪ್ಟೆಂಬರ್‌ನಲ್ಲಿ ಹೆಚ್ಚು ಮಳೆಯಾಗಿ ಅಕ್ಟೋಬರ್ ಹೊತ್ತಿಗೆ ಮಳೆ ಹಿಂದೆ ಸರಿಯುತ್ತದೆ. ಮುಂದೆ ಚಳಿಯ ಒಣಗಾಳಿಗೆ ಮನೆಯ ಹೊರಗಿನ ನೆಲ ಬೇಗ ಒಣಗುತ್ತದೆ. ನಡುಮನೆಯ ಕೆಳಗಿನ ನೆಲ ಹಸಿಯಾಗಿಯೇ ಇರುತ್ತದೆ. ಆಗ ಮೂಲೆಗಳು ಕುಸಿದು, ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಅಂದರೆ ಮನೆಗೆ ಕೇಡು ತರುವುದು ಬರೀ ತೇವವಲ್ಲ, ಬರೀ ಒಣಗುವಿಕೆಯೂ ಅಲ್ಲ. ಒಂದು ಮಗ್ಗಲು ಹಸಿ, ಇನ್ನೊಂದು ಮಗ್ಗಲು ಒಣ ಇರುವುದೇ ಕೇಡು.

ಮೊದಲು ಮಾಡಬೇಕಾದ ಕೆಲಸಗಳು

1. ಬಚ್ಚಲ ನೀರು: ಸುತ್ತಲಿನ ನೆಲವೆಲ್ಲ ಒಣಗಿದಾಗ ಬಚ್ಚಲ ಹಿಂದಿನ ಜಾಗ ಮಾತ್ರ ಹಸಿಯಾಗಿರುತ್ತದೆ. ಈ ನೀರನ್ನು ಪಕ್ಕಾ ಗಟಾರು ಇಲ್ಲವೆ ಕೊಳವೆಯ ಮೂಲಕ ಗೋಡೆಯಿಂದ ದೂರ ಸಾಗಿಸಬೇಕು. ಬಚ್ಚಲ ನೀರಿಗೆ ಹಚ್ಚುವ ಬಾಳೆ, ತೆಂಗುಗಳು ಗೋಡೆಗೆ ತಾಗಿ ಇರಬಾರದು.

2. ಸುತ್ತುಗಟ್ಟೆ: ಗೋಡೆಯ ಸುತ್ತ ಗರಸು ಹಾಕಿ ದಮ್ಮಸು ಮಾಡಿ, ಮೇಲೆ ಪರಸಿ ಕಲ್ಲು ಹಾಸಿ ಸಂದುಗಳಿಗೆ ಸಿಮೆಂಟು ತುಂಬಬೇಕು. ಅಗಲ ಕನಿಷ್ಠ 1 ಮೀಟರು ಇರಲಿ. ಎರೆಯಲ್ಲಿ 2 ಮೀಟರು ಇದ್ದರೆ ಹೆಚ್ಚು ಲೇಸು. ಇಳಿಜಾರು ಹೊರಮುಖವಾಗಿರಬೇಕು. ಇದರಿಂದ ಚಳಿಗಾಲದಲ್ಲಿ ಪಾಯದ ಮಗ್ಗಲಿನ ನೆಲ ಬೇಗ ಒಣಗದು, ಮಳೆಗಾಲದಲ್ಲಿ ನೀರೂ ಇಳಿಯದು.

3. ನೆಲದ ಬಿರುಕು: ಗೋಡೆಯ ಬದಿಗೆ ನೆಲ ಬಿರಿದಿದ್ದರೆ ಅದರೊಳಗೆ ನೀರು ಹೊಯ್ಯಬಾರದು. ಒಣ ಗರಸನ್ನು ತುಂಬಿ ಮುಚ್ಚಬೇಕು.

4. ಗಿಡಮರ: ಬೇವು, ಹುಣಸೆ, ಅರಳಿಯ ಬೇರು ನೆಲದ ತೇವವನ್ನು ದೂರದಿಂದಲೂ ಹೀರುತ್ತದೆ. ಮರ ಎಷ್ಟು ಎತ್ತರ ಬೆಳೆಯುವುದೋ ಅಷ್ಟು ದೂರದಲ್ಲಿ ಸಸಿ ನೆಡುವುದು ಕ್ಷೇಮ.

5. ಹಗೇವು: ಪಾಯದ ಬದಿಗೆ ಹಗೇವು ತೆಗೆಯಬಾರದು. ಹಳೆಯ ಹಗೇವು ಇದ್ದರೆ ಗರಸಿನಿಂದ ಪದರು ಪದರಾಗಿ ತುಂಬಿ ಗಟ್ಟಿಮಾಡಬೇಕು.

ಬಿರುಕಿನ ಪರೀಕ್ಷೆ

ಗಿಲಾವಿನ ಮೇಲೆ ಬಲೆಯಂತೆ ಕಾಣುವ ಕೂದಲೆಳೆಯ ಬಿರುಕುಗಳು ಗಿಲಾವು ಒಣಗುವಾಗ ಆಗುವಂಥವು, ಇವಕ್ಕೆ ಅಂಜಬೇಕಾಗಿಲ್ಲ. ಓರೆಯಾಗಿ ಗೋಡೆಯ ಎರಡೂ ಮಗ್ಗಲಿಗೆ ಕಾಣುವ ಬಿರುಕಿನ ಮೇಲೆ ನಿಗಾ ಇಡಬೇಕು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು ತಾರೀಖು ಬರೆಯಬೇಕು. ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಸಿಮೆಂಟಿನಿಂದ ಅಂಟಿಸಿದರೆ, ಗೋಡೆ ಇನ್ನೂ ಜರುಗುತ್ತಿದ್ದಲ್ಲಿ ಗಾಜು ಒಡೆಯುತ್ತದೆ. ಬಿರುಕು 5 ಮಿ.ಮೀ.ಗಿಂತ ಅಗಲವಾದರೆ, ಅಥವಾ ಬಾಗಿಲು ಚೌಕಟ್ಟಿನಲ್ಲಿ ಬಿಗಿಯತೊಡಗಿದರೆ, ಎಂಜಿನಿಯರರಿಗೆ ತೋರಿಸಬೇಕು.

ದುರಸ್ತಿಗೆ ಅವಸರ ಬೇಡ

ಚಳಿಗಾಲದಲ್ಲಿ ತೆರೆದ ಬಿರುಕನ್ನು ಕೂಡಲೇ ಗಟ್ಟಿ ಸಿಮೆಂಟಿನಿಂದ ತುಂಬುವುದು ಎಲ್ಲೆಡೆ ಕಾಣುವ ತಪ್ಪು. ಮುಂದಿನ ಮಳೆಗೆ ನೆಲ ಉಬ್ಬಿ ಬಿರುಕು ಮುಚ್ಚಲು ನೋಡಿದಾಗ ಈ ಸಿಮೆಂಟು ಅಡ್ಡ ನಿಂತು ಮಗ್ಗಲಲ್ಲೇ ಹೊಸ ಸೀಳು ಬೀಳುತ್ತದೆ. ಒಂದು ಮಳೆಗಾಲ, ಒಂದು ಚಳಿಗಾಲ, ಒಂದು ಬೇಸಿಗೆ ಕಳೆಯುವವರೆಗೆ ನೋಡಿ, ಆಮೇಲೆ 1 ಪಾಲು ಸಿಮೆಂಟು, 2 ಪಾಲು ಸುಣ್ಣ, 9 ಪಾಲು ಉಸುಕಿನ ಮೆದು ಗಚ್ಚಿನಿಂದ ತುಂಬುವುದು ಒಳ್ಳೆಯದು. ಮೊದಲ ವರ್ಷ ಎಣ್ಣೆ ಬಣ್ಣವನ್ನೂ ಬಳಿಯಬಾರದು. ಸುಣ್ಣ ಬಳಿದರೆ ಗೋಡೆಯೊಳಗಿನ ತೇವ ಹೊರಬೀಳಲು ದಾರಿ ಇರುತ್ತದೆ.

ಕೆಲಸ ಇನ್ನೂ ಉಳಿದಿದ್ದರೆ

ದೀಪಾವಳಿಯ ನಂತರ ಗಿಲಾವು ಮಾಡಿಸುವವರು ಒಣಗಾಳಿಯನ್ನು ಮರೆಯಬಾರದು. ತಂಪಿನ ದಿನವೆಂದು ನೀರುಣಿಸುವುದನ್ನು ಬಿಟ್ಟರೆ ಗಿಲಾವು ಪುಡಿಯಾಗಿ ಉದುರುತ್ತದೆ. ಕನಿಷ್ಠ 7 ದಿನ ಹೊತ್ತುಹೊತ್ತಿಗೆ ನೀರು ಹೊಡೆಯಬೇಕು. ಚಳಿಗೆ ಸಿಮೆಂಟು ಗಟ್ಟಿಯಾಗುವುದು ನಿಧಾನ. ಛತ್ತಿನ ಕೆಳಗಿನ ಆಧಾರ ಕಂಬಗಳನ್ನು ಬೇಗ ತೆಗೆಯಬಾರದು.

ಮಾಳಿಗೆ ಮತ್ತು ಧಾನ್ಯ

ಮಳೆ ಮುಗಿದೊಡನೆ ಛತ್ತಿನ ಕೊಳವೆಗಳ ಕಸ ತೆಗೆದು, ಅವುಗಳ ನೀರು ಗೋಡೆಗೆ ಬಡಿಯದಂತೆ ಉದ್ದ ಮಾಡಬೇಕು. ಮಣ್ಣಿನ ಮಾಳಿಗೆಯವರು ಹಳೆಯ ಮಣ್ಣು ತೆಗೆಯದೆ ವರ್ಷವರ್ಷವೂ ಹೊಸ ಮಣ್ಣು ಹೇರಬಾರದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದಾಗ, ಕಲ್ಲುಮಣ್ಣಿನ ಗೋಡೆ ಮತ್ತು ಭಾರದ ಮಾಳಿಗೆಯ ಕೆಳಗೆ ಮಲಗಿದ್ದ ಸಾವಿರಾರು ಜನ ಪ್ರಾಣ ಕಳೆದುಕೊಂಡರು.

ಹೊಸ ಗೋಡೆ, ಹೊಸ ನೆಲ ವರ್ಷದವರೆಗೂ ತೇವ ಬಿಡುತ್ತಿರುತ್ತವೆ. ಆದುದರಿಂದ ಜೋಳ, ಕಡಲೆಯ ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಒಟ್ಟಬೇಕು.

ಇವುಗಳಲ್ಲಿ ಬಹಳಷ್ಟು ಕೆಲಸಗಳಿಗೆ ಬೇಕಾದುದು ಸ್ವಲ್ಪ ಗರಸು, ನಾಲ್ಕಾರು ದಿನದ ದುಡಿಮೆ ಮಾತ್ರ. ಪಾಯ ಕುಸಿದ ಮೇಲೆ ಗೋಡೆ ಕೆಡವಿ ಕಟ್ಟುವ ಖರ್ಚಿನೆದುರು ಇದು ಏನೇನೂ ಅಲ್ಲ. ಹೊಲದ ತೇವ ಕಾಯುವಂತೆ ಮನೆಯ ಸುತ್ತಲಿನ ತೇವವನ್ನೂ ಒಂದೇ ಹದದಲ್ಲಿ ಕಾಯ್ದುಕೊಂಡರೆ, ಎರೆಯ ಮೇಲಿನ ಮನೆಯೂ ಮಕ್ಕಳ ಕಾಲದವರೆಗೆ ನಿಲ್ಲುತ್ತದೆ.