ಸಹಿ ಯಾರದು?

ಧಾರಾವಾಹಿಯ ಕಂತನ್ನು ಓದತೊಡಗುವ ಮೊದಲೇ ನಮ್ಮ ದೃಷ್ಟಿ ಅದರ ಚಿತ್ರದ ಮೇಲೆ ನಿಲ್ಲುತ್ತದೆ. ಕಥೆಗಾರರ ಹೆಸರು ನೆನಪಿರುತ್ತದೆ. ಚಿತ್ರದ ಮೂಲೆಯಲ್ಲಿರುವ ಪುಟ್ಟ ಸಹಿ ಯಾರದೆಂದು ಕೇಳುವವರು ವಿರಳ. ಜಾಹೀರಾತಿನ ಚಿತ್ರಕ್ಕಂತೂ ಬಹುಮಟ್ಟಿಗೆ ಆ ಸಹಿಯ ಭಾಗ್ಯವೂ ಇಲ್ಲ. ಒಬ್ಬನೇ ಕುಳಿತು, ಗಡುವಿಗೆ ಅಂಜಿ, ಕೊಟ್ಟಷ್ಟನ್ನು ಪಡೆದು ಸುಮ್ಮನಾಗುವುದೇ ಅನೇಕ ವಾಣಿಜ್ಯ ಕಲಾವಿದರ ಪಾಡು.

ಈ ಒಂಟಿತನಕ್ಕೆ ನ್ಯೂಯಾರ್ಕಿನ ಕಲಾವಿದರು ಕಂಡುಕೊಂಡ ಉಪಾಯ ಸ್ವಾರಸ್ಯವಾದುದು. 1901ರ ಫೆಬ್ರವರಿ 1ರಂದು ಒಂಬತ್ತು ಮಂದಿ ಚಿತ್ರಕಾರರೂ ಸಲಹೆಗಾರರಾದ ಒಬ್ಬ ವ್ಯಾಪಾರಸ್ಥರೂ ಕೂಡಿ ‘ಸೊಸೈಟಿ ಆಫ್ ಇಲ್ಲಸ್ಟ್ರೇಟರ್ಸ್’ ಎಂಬ ಸಂಘವನ್ನು ಕಟ್ಟಿದರು. ತಮ್ಮ ಕಲೆಯನ್ನು ಬೆಳೆಸುವುದು, ಆಗಾಗ ಪ್ರದರ್ಶನ ನಡೆಸುವುದು—ಇಷ್ಟೇ ಉದ್ದೇಶ. ತಿಂಗಳಿಗೊಮ್ಮೆ ಔತಣ, ಮಾರ್ಕ್ ಟ್ವೇನ್, ಆಂಡ್ರ್ಯೂ ಕಾರ್ನೆಗಿಯಂಥವರೂ ಅಲ್ಲಿಗೆ ಬಂದುದುಂಟು. ಒಂದೇ ಕೆಲಸಕ್ಕಾಗಿ ಪೈಪೋಟಿ ನಡೆಸುವವರು ಒಂದೇ ಮೇಜಿನಲ್ಲಿ ಉಣ್ಣುವುದೆಂದರೆ ಸಾಮಾನ್ಯ ಸಂಗತಿಯೇ?

ಆದರೆ ಆ ಮೇಜಿಗೂ ಒಂದು ಬಗೆಯ ಮಡಿಯಿತ್ತು! 1903ರಲ್ಲಿ ಎಲಿಜಬೆತ್ ಶಿಪ್ಪೆನ್ ಗ್ರೀನ್, ಫ್ಲಾರೆನ್ಸ್ ಸ್ಕೋವೆಲ್ ಶಿನ್ ಎಂಬ ಕಲಾವಿದೆಯರನ್ನು ಸೇರಿಸಿಕೊಂಡರು, ನಿಜ, ಸಹಸದಸ್ಯೆಯರನ್ನಾಗಿ ಮಾತ್ರ. ಗ್ರೀನ್ ಆಗಲೇ ‘ಹಾರ್ಪರ್ಸ್’ ಪತ್ರಿಕೆಗೆ ಚಿತ್ರ ಬರೆದು ಹೆಸರಾದವರು. ಪತ್ರಿಕೆಯ ಪುಟದಲ್ಲಿ ದೊರೆತ ಸಮಾನತೆ ಸಂಘದಲ್ಲಿ ದೊರೆಯಲಿಲ್ಲ. ಪೂರ್ಣ ಸದಸ್ಯತ್ವಕ್ಕಾಗಿ ಮಹಿಳೆಯರು 1920ರ ದಶಕದವರೆಗೆ ಕಾಯಬೇಕಾಯಿತು.

ಸಂಘದವರಿಗೆ ನಾಟಕದ ಹುಚ್ಚೂ ಇತ್ತು. ತಾವೇ ಆಡುತ್ತಿದ್ದ ಪ್ರಹಸನಗಳ ಹಕ್ಕನ್ನು ರಂಗೋದ್ಯಮಿಗಳಿಗೆ ಮಾರಿದ ಹಣದ ನೆರವಿನಿಂದ 1939ರಲ್ಲಿ ಸ್ವಂತ ಕಟ್ಟಡವನ್ನು ಕೊಂಡರು. ಅಲ್ಲಿನ ಗೋಡೆಗೆ ನಾರ್ಮನ್ ರಾಕ್‌ವೆಲ್ ತಮ್ಮ ‘ಡೋವರ್ ಕೋಚ್’ ಚಿತ್ರವನ್ನು ಕೊಟ್ಟರು. ಅದು 1935ರಲ್ಲಿ ಒಂದು ವಾರಪತ್ರಿಕೆಗೆಂದು ಬರೆದ ಚಿತ್ರ.