ಆರ್.ಎಚ್. ಕ್ಯಾಂಪು: ಊರು ಮತ್ತು ನೀರು



ಊರಿಗೆ ಹೆಸರು ಬರುವುದು ದೇವರಿಂದ, ಗಿಡದಿಂದ, ಇಲ್ಲವೆ ಹಳ್ಳದಿಂದ. ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪುಗಳಿಗೆ ಹೆಸರು ಬಂದದ್ದು ಸರಕಾರಿ ಕಡತದಿಂದ. ಆರ್.ಎಚ್. ಅಂದರೆ ರೀಹ್ಯಾಬಿಲಿಟೇಶನ್, ನಮ್ಮ ಮಾತಿನಲ್ಲಿ ಪುನರ್ವಸತಿ. ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ, ಮನೆಮಠ ಬಿಟ್ಟು ಬಂದ ಬಂಗಾಲಿ ಕುಟುಂಬಗಳಿಗೆ 1971ರ ಆಸುಪಾಸಿನಲ್ಲಿ ಇಲ್ಲಿ ನೆಲ ಕೊಟ್ಟರು. ಬರ್ಮಾದಿಂದ ಬಂದವರೂ ಕೆಲವರಿದ್ದರು. ಈ ಸೀಮೆಯಲ್ಲಿ ಕ್ಯಾಂಪು ಅಂದರೆ ದಂಡಿನ ಡೇರೆ ಅಲ್ಲ ನೋಡ್ರಿ, ಕಾಲುವೆ ಹಿಂದೆ ಹುಟ್ಟಿದ ಊರು. ಆಂಧ್ರದ ರೈತರು ಕಟ್ಟಿದ ಕ್ಯಾಂಪುಗಳೂ ಹೀಗೆಯೇ.

ಇಷ್ಟು ದೂರ ಇಲ್ಲಿಗೇ ಯಾಕೆ ತಂದರು? ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಬಿಟ್ಟರು. ಎಡದಂಡೆ ಕಾಲುವೆ ಬಂದ ಮೇಲೆ ಜೋಳ, ಹತ್ತಿ ಬೆಳೆಯುತ್ತಿದ್ದ ಎರೆ ಭೂಮಿಗೆ ಭತ್ತ ಬಂತು. ಭತ್ತವೋ, ಬಂಗಾಲಿಗಳಿಗೆ ತೊಟ್ಟಿಲಿಂದಲೇ ಗೊತ್ತು. ಮಾತು ಬೇರೆ, ಊಟದಲ್ಲಿ ಮೀನು ಬೇರೆ, ದಸರೆಗೆ ದುರ್ಗಾಪೂಜೆ. ಆದರೆ ಗದ್ದೆಯಲ್ಲಿ ಕಾಲಿಟ್ಟರೆ ಕೆಸರು ಒಂದೇ.

ಪೌರತ್ವದ ಕಾಗದ ಮಾತ್ರ ಎಲ್ಲರಿಗೂ ಬೇಗ ಸಿಗಲಿಲ್ಲ. 2019ರ ಕಾಯಿದೆಗೆ ನಿಯಮಗಳು ಬಂದದ್ದೇ 2024ರ ಮಾರ್ಚಿನಲ್ಲಿ. ಉತ್ತಿದ ನೆಲಕ್ಕಿಂತ ಉತ್ತವನ ಕಾಗದ ತಡವಾಯಿತು.

ಇನ್ನು ಸವಲತ್ತು. ಸಂತೆ, ದೊಡ್ಡ ಆಸ್ಪತ್ರೆ, ಭತ್ತದ ವ್ಯಾಪಾರ, ಎಲ್ಲಕ್ಕೂ ಸಿಂಧನೂರು. ಅಲ್ಲಿಗೆ 2024ರಲ್ಲಿ ರೈಲೂ ಬಂತು. ಆದರೆ ಊರಿನ ಮೊದಲ ಸವಲತ್ತು ಕಾಲುವೆಯೇ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಕಾಲುವೆಯುದ್ದಕ್ಕೂ ರೈತರ ಎದೆ ಝಲ್ ಅಂದಿತ್ತು.

ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದು ಸವಲತ್ತು ಇದೆ: ಬಸಿಗಾಲುವೆ. ನೀರು ತರುವ ಕಾಲುವೆಗೆ ಹೊಡೆದಾಡುತ್ತೇವೆ, ನೀರು ಒಯ್ಯುವ ಕಾಲುವೆಯಲ್ಲಿ ಜೊಂಡು ಬೆಳೆಸುತ್ತೇವೆ! ಎರೆ ಮಣ್ಣು ನೀರನ್ನು ಬೇಗ ಇಳಿಸುವುದಿಲ್ಲ. ವರುಷಕ್ಕೆ ಎರಡು ಸಲ ಭತ್ತ ಹಚ್ಚಿ ನೀರು ನಿಲ್ಲಿಸಿದರೆ ಅಡಿನೀರು ಮೇಲೇರುತ್ತದೆ. ಬೇಸಿಗೆಯಲ್ಲಿ ನೀರು ಆರಿಹೋಗಿ ಉಪ್ಪು ಮೇಲೆ ಉಳಿಯುತ್ತದೆ. ಬದುವಿನ ಮೇಲೆ ಕಾಣುವ ಬಿಳಿ ಹಿಟ್ಟು ಅದೇ. ತುಂಡು ಭೂಮಿಯವನಿಗೆ ಅರ್ಧ ಎಕರೆ ಸವುಳಾದರೂ ವರ್ಷದ ಅನ್ನ ಹೋದಂತೆ. ಒಮ್ಮೆ ನೆಲೆ ಕಳಕೊಂಡವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಬಿಳುಪು ಕಂಡ ಕೂಡಲೆ ಜಿಪ್ಸಂ ಚೀಲ ತರಬೇಡಿರಿ. ಮೊದಲು ಮಣ್ಣು ಪರೀಕ್ಷೆ ಮಾಡಿಸಿರಿ. ಬರೀ ಉಪ್ಪಿದ್ದರೆ ಒಳ್ಳೆ ನೀರು ಕಟ್ಟಿ ತೊಳೆದು ಬಸಿಯಬೇಕು, ಜಿಪ್ಸಂ ಖರ್ಚು ದಂಡ. ರಸಸಾರ 8.5 ದಾಟಿ, ಸೋಡಿಯಂ ಸೇರಿ ಮಣ್ಣು ಗಟ್ಟಿಯಾಗಿದ್ದರೆ ಜಿಪ್ಸಂ ಬೇಕು. ಎಷ್ಟು ಎಂಬುದನ್ನು ಪರೀಕ್ಷೆಯ ಚೀಟಿಯೇ ಹೇಳುತ್ತದೆ. ಎರಡಕ್ಕೂ ಬಸಿಗಾಲುವೆ ತೆರೆದಿರಬೇಕು. ಡಯಂಚ ಬಿತ್ತಿ, ಹೂ ಬಿಡುವ ಮುಂಚೆ ಮಣ್ಣಿಗೆ ಸೇರಿಸಿರಿ. ಒಬ್ಬನ ಹೊಲದ ಬಸಿನೀರು ಇನ್ನೊಬ್ಬನ ಹೊಲ ದಾಟಿಯೇ ಹಳ್ಳ ಸೇರಬೇಕು. ಹಾಗಾಗಿ ಕಾಲುವೆ ನೀರು ನಿಂತ ವಾರದಲ್ಲೇ ನೆರೆಹೊರೆಯವರು ಕೂಡಿ, ಹಳ್ಳದ ಕಡೆಯಿಂದ ಜೊಂಡು ತೆಗೆಯಲು ಸುರು ಮಾಡಿರಿ.